ಡ್ಯೂಟಿ ಬದಲಾಗದ ಮನೆ

ಹೊರಡುವ ಮುನ್ನ, ಜಯನಗರ

ವಿಲಾಯಿತಿಗೆ ಹೋಗಿಬಂದೆವೆಂದು ಬರೆಯುವವರು ಸಾಮಾನ್ಯವಾಗಿ ಬ್ಯಾರಿಸ್ಟರುಗಳು, ದೊಡ್ಡ ಡಾಕ್ಟರುಗಳು, ಇಲ್ಲವೇ ದೊಡ್ಡವರ ಅಳಿಯಂದಿರು. ನಾನು ಮೂರೂ ಅಲ್ಲ. ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ನರ್ಸು. ಗಂಡಸು ನರ್ಸು. ಹೀಗೆಂದಾಗ ನಮ್ಮ ಜಯನಗರದ ಜನ ಮೊದಲು ನನ್ನ ಮೀಸೆ ನೋಡುತ್ತಾರೆ, ಆಮೇಲೆ ನಮ್ಮಪ್ಪನ ಮುಖ ನೋಡುತ್ತಾರೆ. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. "ಮಗ ಎಲ್ಲಿದಾನೆ ಈಗ?" ಎಂದು ಗಿರಾಕಿಗಳು ಕೇಳಿದರೆ "ಹುಚ್ಚಾಸ್ಪತ್ರೇಲಿದಾನೆ" ಎಂದಷ್ಟೇ ಹೇಳಿ ಬಟ್ಟೆ ಅಳೆಯತೊಡಗುತ್ತಾರೆ. "ಅಯ್ಯೋ ಪಾಪ, ಯಾವಾಗಿಂದ?" ಎಂದು ಅವರು ಮರುಗಿ, ಚೌಕಾಶಿ ಮಾಡದೆ ಹೋಗುತ್ತಾರೆ. ನನ್ನಿಂದ ಅಂಗಡಿಗೆ ಆಗಿರುವ ಉಪಕಾರ ಇಷ್ಟೇ.

ನನಗೊಂದು ಚಾಳಿ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಬಿಡಾರ ಹೂಡುತ್ತದೆ. ಬಸ್ ಕಂಡಕ್ಟರು, ಆಸ್ಪತ್ರೆಯ ಮೇಟ್ರನ್, ಸತ್ಯನಾರಾಯಣ ಪೂಜೆಯ ಭಟ್ಟರು, ಎಲ್ಲರೂ ಒಳಗಿದ್ದಾರೆ. ಒಮ್ಮೆ ಸ್ನೇಹಿತರ ಮುಂದೆ ನನ್ನನ್ನೇ ಅಣಕಿಸಿ ತೋರಿಸಿದೆ. "ಇದು ಯಾರ ದನಿ ಗುರು? ಚೆನ್ನಾಗಿಲ್ಲ" ಎಂದರು.

ನನ್ನ ಸಂಗ್ರಹದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ದನಿ ನಮ್ಮ ಹೆಡ್ ವಾರ್ಡರ್ ಮುನಿಸ್ವಾಮಿಯದು. ಊಟದ ಹೊತ್ತಿಗೆ ಅವನು ಬೆಲ್ಟು ಬಿಗಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತು "ಸಾಲಾಗ್ ನಿಂತ್ಕೊಳ್ರೋ! ತಟ್ಟೆ ಎತ್ರೋ!" ಎಂದರೆ ಗೋಡೆಯ ಮೇಲಿನ ಹಲ್ಲಿ ಕೂಡ ಸಾಲು ಹುಡುಕುತ್ತಿತ್ತು.

ಇನ್ನು ಗಂಗಕ್ಕ. ಸಾರಕ್ಕಿಯವಳು, ಕೆರೆಯ ಕೆಳಗೆ ಒಂದಿಷ್ಟು ರಾಗಿ ಹೊಲ. ಭೇಟಿಯ ದಿನ ಬಂತೆಂದರೆ ಬಟ್ಟೆ ಕಟ್ಟಿದ ಪಾತ್ರೆಯಲ್ಲಿ ಮುದ್ದೆ, ಸೊಪ್ಪಿನ ಸಾರು ಹೊತ್ತು ಅಷ್ಟು ದೂರ ನಡೆದೇ ಬರುವಳು. ಅವಳ ತಮ್ಮ ನಂಜುಂಡ ಎಷ್ಟೋ ವರ್ಷದಿಂದ ನಮ್ಮ ವಾರ್ಡಿನಲ್ಲಿದ್ದ. ಕೂಗಾಟ, ಓಡಾಟಗಳ ಕಾಲ ಎಂದೋ ಮುಗಿದು, ಈಗ ಗೋಡೆಗೆ ಒರಗಿ ಸುಮ್ಮನೆ ಕೂರುತ್ತಿದ್ದ. ಗಂಗಕ್ಕನಿಗೆ ಒಂದೇ ಆಸೆ, ತಮ್ಮ ಮನೆಗೆ ಬರಬೇಕು. ಡಾಕ್ಟರರ ಉತ್ತರವೂ ಒಂದೇ: "ಕಳಿಸಬಹುದಮ್ಮ. ಆದರೆ ಮನೆಗೆ ಬಂದು ನೋಡಿಕೊಳ್ಳೋರು ಯಾರು? ಮತ್ತೆ ಕೆಟ್ಟರೆ ಯಾರಿಗೆ ಗೊತ್ತಾಗತ್ತೆ?"

ನರ್ಸುಗಳೇ ರೋಗಿಯ ಮನೆಗೆ ಹೋಗಿ ನೋಡುವ ಪದ್ಧತಿ ಇಂಗ್ಲೆಂಡಿನಲ್ಲಿ ಆಗಷ್ಟೇ ಶುರುವಾಗಿತ್ತು. ಅದನ್ನು ಕಲಿತು ಬರಲು ನನ್ನನ್ನು ಆರಿಸಿದರು. ಬೇರೆ ಯಾರ ಮನೆಯಲ್ಲೂ ಸಮುದ್ರ ದಾಟಲು ಒಪ್ಪಲಿಲ್ಲವೆಂಬುದು ಒಳಗಿನ ಮಾತು.

ಗಂಗಕ್ಕ ಗೇಟಿನ ಬಳಿ ನನ್ನನ್ನು ಹಿಡಿದಳು. "ಬೇಗ ಕಲ್ತ್ಕೊಂಡ್ ಬನ್ನಿ ಸಾಮಿ. ನೀವು ಹೋಗ್ತಿರೋದೇ ನನ್ ತಮ್ಮುನ್ಗೋಸ್ಕರ ಅಂತ ತಿಳ್ಕೊಂಡಿವ್ನಿ."

"ಮನೇಲಿ ನಿನ್ನ ಮಾತು ಕೇಳ್ತಾನಾ ಗಂಗಕ್ಕ?"

"ನನ್ ಮಾತ್ ಎಲ್ ಕೇಳಾನು? ಆ ಮುನಿಸ್ವಾಮಿ ಮಾತ್ಗೆ ಮಾತ್ರ ಏಳ್ತಾನೆ."

ಆಗ ಬಾಯಿ ಸುಮ್ಮನಿರಬೇಕಲ್ಲ. ಮುನಿಸ್ವಾಮಿಯನ್ನು ಹೊರಗೆ ಬಿಟ್ಟೆ. ಗಂಗಕ್ಕ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. "ಇನ್ನೊಂದ್ ಸಲ, ಇನ್ನೊಂದ್ ಸಲ" ಎಂದಳು. ಕೊನೆಗೆ ತಾನೇ ಒಂದು ಕೈ ನೋಡಿದಳು. ಕೋಳಿ ಓಡಿಸಿದ ಹಾಗಿತ್ತು.

"ದನಿ ಗಂಟಲಿಂದ ಅಲ್ಲ ಗಂಗಕ್ಕ, ಹೊಟ್ಟೆಯಿಂದ ಬರಬೇಕು" ಎಂದು ಪಾಠ ಹೇಳಿ ಹಡಗು ಹತ್ತಲು ಹೊರಟೆ.

ಹಡಗು

ಸಮುದ್ರದ ಬಗ್ಗೆ ಬರೆಯುವಷ್ಟು ನಾನು ಅದನ್ನು ನೋಡಲಿಲ್ಲ, ಬಕೆಟ್ಟು ನೋಡಿದೆ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ವಿಭೂತಿ ಎರಡೂ ಒಂದೇ ಡಬ್ಬಿಯಲ್ಲಿ ಬೆರೆತು, ಸೂಯೆಜ್ ದಾಟುವವರೆಗೆ ಹಣೆ ಉರಿಯುತ್ತಿತ್ತು.

ವಾಂತಿ ನಿಂತ ಮೇಲೆ ಬಾಯಿ ಶುರುವಾಯಿತು. ಹಡಗಿನಲ್ಲಿ ಅಪಾಯದ ಕವಾಯತು ಮಾಡಿಸುವ ಒಬ್ಬ ಬಿಳಿಯ ಅಧಿಕಾರಿಯಿದ್ದ. ಮೂಗಿನಲ್ಲಿ ಮಾತು. ಒಂದು ಮಧ್ಯಾಹ್ನ ಅವನ ದನಿಯಲ್ಲಿ ಕೋಣೆಗಳ ಓಣಿಯಲ್ಲಿ ನಿಂತು "ಎಲ್ಲರೂ ತೇಲುವ ಅಂಗಿ ತೊಟ್ಟು ಮೇಲೆ ಬನ್ನಿ" ಎಂದೆ. ಪಕ್ಕದ ಕೋಣೆಯ ಮದರಾಸಿನ ಮುದುಕರೊಬ್ಬರು ನಿದ್ದೆಗಣ್ಣಿನಲ್ಲೇ ಅಂಗಿ ತೊಟ್ಟು, ಎದೆಗೆ ರಾಮಪಟ ಅವುಚಿಕೊಂಡು ಮೆಟ್ಟಿಲು ಹತ್ತಿಬಿಟ್ಟರು. ತಮಾಷೆ ಎಂದು ಹೇಳಿದರೂ ನಂಬಲಿಲ್ಲ. ಸಾಯಂಕಾಲದವರೆಗೆ ಮೇಲೆಯೇ ಕೂತಿದ್ದರು. "ತಮಾಷೆ ಅಂತ ನೀನು ಹೇಳ್ತಿದೀಯಪ್ಪ. ಮೇಲೆ ಬನ್ನಿ ಅಂದ ಆತ ಬಂದು ಹೇಳಲಿ" ಎಂದರು. ಎಲ್ಲರೂ ನಕ್ಕೆವು.

ಇಟ್ಟಿಗೆ ಊರು

ನನ್ನನ್ನು ಕಳಿಸಿದ್ದು ಇಂಗ್ಲೆಂಡಿನ ಉತ್ತರದ ಒಂದು ಗಿರಣಿ ಊರಿಗೆ. ಎಲ್ಲವೂ ಇಟ್ಟಿಗೆ, ಎಲ್ಲದರ ಮೇಲೂ ಮಸಿ. ಮನೆಗಳು ನಮ್ಮ ವಠಾರದ ಹಾಗೆ ಒಂದರ ಭುಜಕ್ಕೊಂದು ಒರಗಿ ನಿಂತಿದ್ದವು. ಕಕ್ಕಸು ನಮ್ಮಂತೆಯೇ ಹಿತ್ತಲಿನಲ್ಲಿ. ಇದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೆ ವಠಾರದ ಸದ್ದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬನಿಗೆ ತಲೆ ಕೆಟ್ಟರೆ ಎದುರು ಮನೆಯವರು ಒಳಗೇ ಬಂದು, ಏನು ತಿಂದ, ಯಾರು ಮಾಟ ಮಾಡಿಸಿದರು ಎಂದು ಕೇಳಿ, ಕಾಫಿ ಕುಡಿದು ಹೋಗುತ್ತಾರೆ. ಅಲ್ಲಿ ಜಾಲರಿ ಪರದೆ ಒಂದು ಬೆರಳಿನಷ್ಟು ಸರಿಯುತ್ತದೆ, ಮತ್ತೆ ಮುಚ್ಚುತ್ತದೆ. ಎರಡರಲ್ಲಿ ಯಾವುದು ಮೇಲು ಎಂದು ನನಗೆ ಈಗಲೂ ತಿಳಿಯದು.

ನನ್ನ ಮನೆಯೊಡತಿ ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಸು, ಬೇಯಿಸಿದ ಮುಖಭಾವ ಇವಿಷ್ಟನ್ನು ದಿನವೂ ಬಡಿಸುತ್ತಿದ್ದಳು. ರುದ್ರೇಶ ಎಂಬ ನನ್ನ ಹೆಸರು ಹೇಳಲು ಬಾರದೆ "ರೂಡಿ" ಎಂದಳು. ಊರೆಲ್ಲ ಅದನ್ನೇ ಹಿಡಿದುಕೊಂಡಿತು.

ಆಸ್ಪತ್ರೆ ಊರ ಹೊರಗಿನ ಗುಡ್ಡದ ಮೇಲೆ, ಉದ್ದನೆಯ ಗೋಡೆಯ ಹಿಂದೆ. ಮೊದಲು ಅಲ್ಲಿನ ವಾರ್ಡಿನಲ್ಲಿ ಕೆಲಸ. ವಾರ್ಡಿನ ಯಜಮಾನ ಬ್ರಿಗ್ಸ್ ಎಂಬ ನರ್ಸು. ನಮ್ಮ ಮುನಿಸ್ವಾಮಿಗೆ ಟೈ ಕಟ್ಟಿದ ಹಾಗಿದ್ದ. ಬೆಳಗ್ಗೆ ಬಾಗಿಲಲ್ಲಿ ನಿಂತು "ಹಾಸಿಗೆ ಪಕ್ಕ ನಿಲ್ಲಿ!" ಎಂದು ಗುಡುಗಿದರೆ ಬಿಳಿ ತಲೆಯ ಗಂಡಸರೆಲ್ಲ ಕಂಬಳಿ ಮಡಿಸಿ, ಕೈ ಇಳಿಬಿಟ್ಟು, ಗಲ್ಲ ಎತ್ತಿ ನಿಲ್ಲುತ್ತಿದ್ದರು. ಸಮುದ್ರ ದಾಟಿದರೂ ಸಾಲು ತಪ್ಪಲಿಲ್ಲವಲ್ಲ ಎಂದುಕೊಂಡೆ. ಬ್ರಿಗ್ಸ್ ನನ್ನ ಗಂಟಲಿಗೆ ಬಂದು ಮುನಿಸ್ವಾಮಿಯ ಪಕ್ಕದ ಕೋಣೆ ಹಿಡಿದ.

ಆಮೇಲೆ ನನ್ನನ್ನು ಮಿಸ್ ಪಾಲ್ಮರ್ ಜೊತೆ ಹಾಕಿದರು. ಮನೆಗಳಿಗೆ ಹೋಗುವ ನರ್ಸು ಅವರೇ. ಸೈಕಲ್ಲು, ಕೆಮ್ಮು, ಸಿಗರೇಟು ಈ ಮೂರೂ ಅವರನ್ನು ಬಿಟ್ಟಿದ್ದಿಲ್ಲ. ಮೊದಲ ದಿನ ನಾನು ಬಿಳಿ ಕೋಟು ಹಾಕಿ, ಬೂಟಿಗೆ ಪಾಲಿಶು ಹೊಡೆದು ಮದುಮಗನ ಹಾಗೆ ಬಂದೆ.

"ತೆಗಿ ಅದನ್ನ" ಎಂದರು. "ನಾವು ಮನೆಗೆ ಹೋಗ್ತಿರೋದು. ಆಸ್ಪತ್ರೆ ಹೊತ್ಕೊಂಡು ಹೋಗ್ತಿಲ್ಲ."

ಅವರೆಲ್ಲ ಆಡಿದ್ದು ಇಂಗ್ಲಿಷಿನಲ್ಲೇ. ನಾನು ಜಯನಗರದ ಕನ್ನಡಕ್ಕೆ ಇಳಿಸಿಕೊಡುತ್ತಿದ್ದೇನೆ. ಓದುವವರು ಮನಸ್ಸಿನಲ್ಲೇ ಸ್ವಲ್ಪ ಚಳಿ ಬೆರೆಸಿಕೊಳ್ಳಬೇಕು.

ಎಡ್ನಾಳ ಅಡುಗೆಮನೆ

ನಾವು ಹೋಗುತ್ತಿದ್ದ ಮನೆಗಳಲ್ಲಿ ಒಂದು ಆರ್ಥರನದು. ವಯಸ್ಸೆಲ್ಲ ಆಸ್ಪತ್ರೆಯಲ್ಲಿ ಕಳೆದು, ಆ ವಸಂತದಲ್ಲಿ ಅಕ್ಕ ಎಡ್ನಾಳ ಮನೆಗೆ ಬಂದಿದ್ದ. ಅವಳು ಮದುವೆಯಾಗದವಳು, ಗಿರಣಿಯ ಕೆಲಸ. ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು: ಚಳಿಗಾಲ ಬರುವುದರೊಳಗೆ ತಾನಾಗಿ ಎದ್ದು, ತೊಳೆದು, ತಿನ್ನುವಂತಾದರೆ ಮನೆಯಲ್ಲೇ ಇರಲಿ. ಇಲ್ಲದಿದ್ದರೆ ವಾಪಸು ಗುಡ್ಡಕ್ಕೆ.

ಆರ್ಥರ್ ಏಳುತ್ತಿರಲಿಲ್ಲ. ಮಹಡಿಯ ಕೋಣೆಯಲ್ಲಿ ಕಂಬಳಿ ಹೊದ್ದು ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದ. ಮಿಸ್ ಪಾಲ್ಮರ್ ಮಾತ್ರೆ ಕೊಟ್ಟು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಪಾರಿವಾಳದ ಮಾತು ತೆಗೆಯುತ್ತಿದ್ದರು. ಹುಡುಗನಾಗಿದ್ದಾಗ ಅವನು ಪಾರಿವಾಳ ಸಾಕಿದ್ದನಂತೆ. ಅವರಿಗೆ ಪಾರಿವಾಳದ ವಿಷಯ ಏನೇನೂ ಗೊತ್ತಿರಲಿಲ್ಲ. ಹೇಳಿದ್ದೆಲ್ಲ ತಪ್ಪು. ಒಂದು ದಿನ ಆ ತಪ್ಪು ತಡೆಯಲಾರದೆ ಆರ್ಥರ್ ಗೋಡೆಗೇ ಹೇಳಿದ: "ಗಂಡು ಕೂಡ ಮೊಟ್ಟೆ ಮೇಲೆ ಕೂರತ್ತೆ." ಇನ್ನೊಂದು ವಾರ ಒಂದು ಕಾಲು ಕಂಬಳಿಯಿಂದ ಹೊರಗೆ ಬಂತು. ಮತ್ತೊಂದು ವಾರ "ಬೆಸ್ಸಿ" ಎಂದ. ಅವನ ಪಾರಿವಾಳದ ಹೆಸರು. ಅಂದು ಮಿಸ್ ಪಾಲ್ಮರ್ ಸೈಕಲ್ಲಿನ ಮೇಲೆ ಸಿಳ್ಳೆ ಹಾಕುತ್ತ ಇಳಿಜಾರು ಇಳಿದರು.

ನನಗೆ ನಗು. ಕೆಳಗೆ ಎಡ್ನಾಳಿಗೆ ಅಳು. "ಒಂದು ಕಾಲು, ಒಂದು ಹೆಸರು. ಹೀಗಾದರೆ ಚಳಿಗಾಲಕ್ಕೆ ಎರಡನೇ ಕಾಲು ಬರತ್ತಾ?" ಎನ್ನುತ್ತಿದ್ದಳು. ಅವನಿಗೆ ಉಣ್ಣಿಸಿ ಹೊರಡುವಷ್ಟರಲ್ಲಿ ಗಿರಣಿಗೆ ತಡ. ಮೇಸ್ತ್ರಿ ಎಚ್ಚರಿಕೆ ಕೊಟ್ಟಿದ್ದ.

ಒಂದು ಸಲ ಮಿಸ್ ಪಾಲ್ಮರ್ ಜ್ವರ ಬಂದು ಮಲಗಿದರು. ನಾನೊಬ್ಬನೇ ಹೋದೆ. ಎಡ್ನಾ ಅಡುಗೆಮನೆಯ ಮೇಜಿಗೆ ತಲೆಯಿಟ್ಟು ಕೂತಿದ್ದಳು. ಅಳುವವರನ್ನು ಕಂಡರೆ ನನಗೆ ಗೊತ್ತಿರುವ ಔಷಧಿ ಒಂದೇ. ನನ್ನ ಮನೆಯೊಡತಿಯ ದನಿ ಮಾಡಿದೆ, ಸ್ವಲ್ಪ ನಕ್ಕಳು. ಮಿಸ್ ಪಾಲ್ಮರ್ ಕೆಮ್ಮು ಮಾಡಿದೆ, ಇನ್ನಷ್ಟು ನಕ್ಕಳು. ಆಟ ರಂಗೇರಿತು. ಎದ್ದು ನಿಂತು, ಗಲ್ಲ ಎತ್ತಿ, ಬ್ರಿಗ್ಸ್ ದನಿಯಲ್ಲಿ "ಹಾಸಿಗೆ ಪಕ್ಕ ನಿಲ್ಲಿ!" ಎಂದೆ.

ಮೇಲೆ ಧಡ್ ಎಂದು ಸದ್ದಾಯಿತು.

ಓಡಿಹೋಗಿ ನೋಡಿದರೆ ಆರ್ಥರ್ ನಿಂತಿದ್ದಾನೆ. ಕಂಬಳಿ ಮಡಿಸಿ ಮಂಚದ ತುದಿಗಿಟ್ಟಿದೆ. ಎರಡೂ ಕಾಲು ನೆಲದ ಮೇಲಿವೆ. ಕೈ ಇಳಿಬಿಟ್ಟು, ಗಲ್ಲ ಎತ್ತಿದ್ದಾನೆ. ಪೈಜಾಮ ಒದ್ದೆಯಾಗಿತ್ತು. ಅದನ್ನು ನಾನು ನೋಡಿದೆ. ಎಡ್ನಾ ನೋಡಲಿಲ್ಲ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು "ನಿಂತ! ರೂಡಿ, ನಿಂತ!" ಎಂದು ಅತ್ತಳು. ಆಮೇಲೆ "ಕೆಳಗೆ ಬಾ ಅನ್ನು" ಎಂದಳು. ಅಂದೆ, ಬಂದ. "ತಿನ್ನು ಅನ್ನು." ಅಂದೆ, ತಿಂದ.

ಆ ಸಂಜೆ ಕನ್ನಡಿಯ ಮುಂದೆ ನಿಂತು ನಮ್ಮ ದೊಡ್ಡ ಡಾಕ್ಟರರ ದನಿಯಲ್ಲಿ ನನಗೆ ನಾನೇ ಶಹಭಾಸ್ ಹೇಳಿಕೊಂಡೆ.

ಮಹಡಿಯ ಕೋಣೆ

ಅಣಕು ಒಂದು ಅಂಟುಜಾಡ್ಯ. ಮಿಸ್ ಪಾಲ್ಮರ್ ಹುಷಾರಾಗಿ ಬರುವಷ್ಟರಲ್ಲಿ ಎಡ್ನಾಳಿಗೆ ಬ್ರಿಗ್ಸ್ ಪೂರ್ತಿ ಬಂದಿದ್ದ. ಅವಳು ಗಿರಣಿಗೆ ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದಳು. ಆರ್ಥರ್ ಗಡ್ಡ ಹೆರೆದು, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿ, ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಿದ್ದ. ಡಾಕ್ಟರು ಬಂದು ನೋಡಿ ಮೆಚ್ಚಿದರು. "ಇನ್ನು ಇವನು ಇಲ್ಲೇ ಇರಬಹುದು" ಎಂದರು. ಎಡ್ನಾ ಅಂದು ಕೇಕು ಮಾಡಿದಳು. ನಾನು ಎರಡು ತುಂಡು ತಿಂದೆ. ಮೊಟ್ಟೆ ಹಾಕಿದೆ ಎಂದು ಆಮೇಲೆ ಗೊತ್ತಾಯಿತು. ಅಮ್ಮನಿಗೆ ಯಾರೂ ಹೇಳಬೇಡಿ.

ಮಿಸ್ ಪಾಲ್ಮರ್ ಮಾತ್ರ ಮಹಡಿಗೆ ಹೋಗಿ ಹಾಸಿಗೆ ನೋಡಿ ಬಂದರು. ಹೊದಿಕೆಯ ಮೂಲೆಗಳು ವಾರ್ಡಿನ ಮಡಿಕೆಯಲ್ಲೇ ಇದ್ದವು.

"ಆರ್ಥರ್, ಬೆಸ್ಸಿ ಯಾವ ಬಣ್ಣ ಇತ್ತು?" ಎಂದು ಕೇಳಿದರು.

ಆರ್ಥರ್ ಎದ್ದು ನಿಂತ. "ಹಿತ್ತಲಿಗೆ ಹೋಗಬಹುದಾ?" ಎಂದ. ಎಡ್ನಾ ತಲೆಯಾಡಿಸಿದ ಮೇಲೆ ಹೋದ. ಬಂದು ಮತ್ತೆ ನಿಂತ. "ಕೂತ್ಕೋ" ಎನ್ನುವವರೆಗೂ ನಿಂತೇ ಇದ್ದ.

"ಎಷ್ಟು ಸುಧಾರಿಸಿದಾನೆ ನೋಡಿ" ಎಂದಳು ಎಡ್ನಾ. ಅವಳ ಕಣ್ಣಲ್ಲಿ ಕಪಟವಿರಲಿಲ್ಲ. ತಮ್ಮ ಮನೆಯಲ್ಲಿ ಉಳಿದನಲ್ಲ ಎಂಬ ಸಂತೋಷ ಮಾತ್ರ ಇತ್ತು. ಮಿಸ್ ಪಾಲ್ಮರ್ ನನ್ನ ಕಡೆ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಎದುರು ಮನೆಯ ಪರದೆ ಸರಿದು ಮುಚ್ಚಿತು.

ಗೇಟು

ಮೊದಲ ಮಂಜು ಬಿದ್ದ ಬೆಳಗ್ಗೆ ನಾನು, ಮಿಸ್ ಪಾಲ್ಮರ್ ಸೈಕಲ್ಲು ತಳ್ಳಿಕೊಂಡು ಆಸ್ಪತ್ರೆಯ ಗುಡ್ಡ ಹತ್ತುತ್ತಿದ್ದೆವು. ಗೇಟಿನ ಮುಂದೆ ಯಾರೋ ನಿಂತಿದ್ದರು. ಆರ್ಥರ್. ಕೈ ಇಳಿಬಿಟ್ಟು, ಗಲ್ಲ ಎತ್ತಿ. ಪಕ್ಕದಲ್ಲಿ ಕಂಬಳಿ ಮಡಿಸಿಟ್ಟುಕೊಂಡಿದ್ದ. ತಾನಾಗಿ ಎದ್ದು, ತೊಳೆದು, ತಾನಾಗಿಯೇ ನಡೆದು ಬಂದಿದ್ದ. ಡಾಕ್ಟರು ಬಯಸಿದ್ದು ಅದನ್ನೇ ತಾನೆ.

ಯಾರೋ ಗಿರಣಿಗೆ ಸುದ್ದಿ ಮುಟ್ಟಿಸಿದರು. ಎಡ್ನಾ ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಸಿಕೊಂಡೇ ಓಡಿಬಂದಳು. "ಮನೆಗೆ ಬಾ ಆರ್ಥರ್. ಡಾಕ್ಟರು ಇರಬಹುದು ಅಂದರಲ್ಲ. ನಾನೇನು ಕಡಿಮೆ ಮಾಡಿದೆ ನಿನಗೆ?"

"ನೀನಲ್ಲ ಎಡ್ನಾ. ನೀನು ಒಳ್ಳೆಯವಳು" ಎಂದ ಆರ್ಥರ್. ಅಷ್ಟು ಉದ್ದ ಅವನು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಇಲ್ಲಿ ಆದ್ರೆ ಬ್ರಿಗ್ಸ್ ಮಧ್ಯಾಹ್ನ ಮನೆಗೆ ಹೋಗ್ತಾನೆ. ಡ್ಯೂಟಿ ಬದಲಾಗತ್ತೆ. ನಮ್ಮನೇಲಿ ಬದಲಾಗಲ್ಲ."

ಗೇಟು ತೆರೆಯಿತು. ಅವನು ಕಂಬಳಿ ಎತ್ತಿಕೊಂಡು ಒಳಗೆ ಹೋದ. ಎಡ್ನಾ ನನ್ನನ್ನು ನೋಡಿದ ರೀತಿಯನ್ನು ಅಣಕಿಸಲು ನನಗೆ ಬಾರದು.

ಮಿಸ್ ಪಾಲ್ಮರ್ ಸಿಗರೇಟು ಹಚ್ಚಲು ನೋಡಿದರು. ಕಡ್ಡಿ ಹತ್ತಲಿಲ್ಲ. "ಆ ದನಿ ಮನೆಗೆ ತಂದಿದ್ದು ನೀನಾ?"

"ಹೌದು. ನಗಿಸೋಕೆ."

"ಬೆಸ್ಸಿ ಬೂದು ಬಣ್ಣದ್ದೋ ಬಿಳಿಯದೋ ಅಂತ ಇನ್ನು ಗೊತ್ತಾಗಲ್ಲ" ಎಂದು ಸೈಕಲ್ಲು ಹತ್ತಿದರು. ಬೈದಿದ್ದರೆ ಬೈಗುಳವನ್ನಾದರೂ ಅವರದೇ ದನಿಯಲ್ಲಿ ಮಾಡಿ ತೋರಿಸುತ್ತಿದ್ದೆ. ಅಣಕಿಸಲು ಅವರು ಏನೂ ಕೊಡಲಿಲ್ಲ.

ಉಳಿದ ಚಳಿಗಾಲವೆಲ್ಲ ಅವರ ಹಿಂದೆ ಸುತ್ತಿದೆ. ಜನರ ಅಡುಗೆಮನೆಗಳಲ್ಲಿ ಕೂತೆ, ಬಾಯಿ ಮುಚ್ಚಿಕೊಂಡಿದ್ದೆ. ಬರುವಾಗ ಹಡಗಿನಲ್ಲಿ ಯಾರನ್ನೂ ನಗಿಸಲಿಲ್ಲ. ವಿಲಾಯಿತಿಗೆ ಹೋಗಿ ಗಂಭೀರನಾಗಿ ಬಂದನೆಂದು ಅಪ್ಪ ಅಂಗಡಿಯಲ್ಲಿ ಹೇಳಿಕೊಂಡರು.

ಸಾರಕ್ಕಿ

ಬಂದ ಕೂಡಲೇ ಆಸ್ಪತ್ರೆಯವರು ಒಂದು ಸೈಕಲ್ಲು ಕೊಟ್ಟು, "ಆ ಕಡೆ ಮನೆಗಳು ನಿನ್ನವು" ಎಂದರು. ನಂಜುಂಡನನ್ನು ನಾನು ಬರುವ ಸ್ವಲ್ಪ ಮೊದಲೇ ಮನೆಗೆ ಕಳಿಸಿದ್ದರು. ನರ್ಸು ಬರುತ್ತಾನೆ ಎಂಬ ಧೈರ್ಯದ ಮೇಲೆ.

ಜಯನಗರದ ಹೊಸ ಸೈಟುಗಳ ಕಲ್ಲುಗಳನ್ನು ದಾಟಿ, ಗಾಡಿ ಜಾಡಿನಲ್ಲಿ ಸಾರಕ್ಕಿಗೆ ತುಳಿದೆ. ಗಂಗಕ್ಕನಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಗದರಬೇಡ. ಅವಸರ ಮಾಡಬೇಡ. ಪಕ್ಕದಲ್ಲಿ ಕೂರು. ಕೆರೆ ಏರಿಯ ಮೇಲೆ ಒಬ್ಬ ದನ ಕಾಯುವವನಿಗೆ ಇದನ್ನೆಲ್ಲ ಗಟ್ಟಿಯಾಗಿ ಒಪ್ಪಿಸಿಯೂ ನೋಡಿದೆ. "ಸರಿ ಬುದ್ಧಿ" ಎಂದ ಪಾಪ.

ಗಂಗಕ್ಕನ ಮನೆಯ ಹತ್ತಿರ ಬಂದು ಸೈಕಲ್ಲಿಗೆ ಸ್ಟ್ಯಾಂಡು ಹಾಕುತ್ತಿದ್ದೆ. ಒಳಗಿನಿಂದ ಮುನಿಸ್ವಾಮಿಯ ದನಿ ಕೇಳಿಸಿತು.

"ಸಾಲಾಗ್ ನಿಂತ್ಕೊಳ್ರೋ! ತಟ್ಟೆ ಎತ್ರೋ!"

ಅವನು ಇಲ್ಲಿಗೇಕೆ ಬಂದ ಎಂದುಕೊಂಡೇ ಒಳಗೆ ಹೋದೆ. ಮುನಿಸ್ವಾಮಿ ಇರಲಿಲ್ಲ. ಒಲೆಯ ಮುಂದೆ ಗಂಗಕ್ಕ, ಸೊಂಟದ ಮೇಲೆ ಕೈ. ಎದುರು ಗೋಡೆಗೆ ಬೆನ್ನು ಹಚ್ಚಿ ನಂಜುಂಡ, ಒಬ್ಬನೇ ಒಬ್ಬನ ಸಾಲಿನಲ್ಲಿ, ಎರಡೂ ಕೈಯಲ್ಲಿ ತಟ್ಟೆ ಎತ್ತಿಕೊಂಡು.

"ಬನ್ನಿ ಸಾಮಿ, ಬನ್ನಿ!" ಗಂಗಕ್ಕನ ಮುಖ ಅರಳಿತು. "ನೋಡಿ, ನೀವ್ ಕಲ್ಸಿದ್ದು. ಹೊಟ್ಟೆಯಿಂದ ಬರ್ಬೇಕು ಅಂದ್ರಲ್ಲ. ಹೊಲ್ದಾಗೆ ಕೂಗಿ ಕೂಗಿ ಕಲ್ತೆ."

"ಗಂಗಕ್ಕ, ಅದು ಬೇಡ."

"ಯಾಕ್ ಸಾಮಿ? ಹಂಗ್ ಅನ್ದಿದ್ರೆ ಒಂದ್ ತುತ್ತೂ ತಿನ್ನಾಕಿಲ್ಲ. ಮೊದಲ್ ಮೂರ್ ದಿನ ಉಪಾಸ ಇದ್ದ."

"ಪಕ್ಕದಲ್ಲಿ ಕೂತ್ಕೊಂಡು, ನಿಧಾನವಾಗಿ..."

"ನೀವು ವಾರಕ್ಕೊಂದ್ ಸಲ ಬಂದು ಕೂತ್ಕೊಂಡ್ ಹೋಗ್ತೀರಿ. ಮಿಕ್ಕಿದ್ ದಿನ ಹೊಲಕ್ಕೆ ಯಾರ್ ಹೋಯ್ತಾರೆ? ನಿಮ್ಮಪ್ಪಾವ್ರಾ?"

ಅಪ್ಪನನ್ನು ರಾಗಿ ಹೊಲದಲ್ಲಿ ಊಹಿಸಿಕೊಂಡರೂ ನಗು ಬರಲಿಲ್ಲ. ಅವಳೆಂದದ್ದರಲ್ಲಿ ತಪ್ಪೇನಿತ್ತು? ಹೊಸಿಲ ಮೇಲೆ ಕೂತು ಆರ್ಥರನ ಕಥೆ ಹೇಳಿದೆ. ಯಾರ ದನಿಯನ್ನೂ ಮಾಡದೆ ಹೇಳಿದೆ. ಗೇಟು ತೆರೆದ ಜಾಗಕ್ಕೆ ಬಂದಾಗ ಗಂಗಕ್ಕ ಸೌಟು ಕೆಳಗಿಟ್ಟಳು.

"ಹಂಗಾರೆ ಇವ್ನೂ ವಾಪಸ್ ಹೊಂಟೋಯ್ತಾನಾ?"

ನಾನು ನಂಜುಂಡನ ಕಡೆ ತಿರುಗಿದೆ. ತಟ್ಟೆ ಇನ್ನೂ ಎದೆಯ ಮಟ್ಟದಲ್ಲೇ ಇತ್ತು.

"ಆ ಮುನಿಸ್ವಾಮೀನ ಮನೆ ಒಳೀಕೆ ಕರ್ಕೊಂಡ್ ಬಂದಿದ್ದಾಯ್ತು. ಈಗ ಹೆಂಗ್ ಸಾಮಿ ಆಚೀಕ್ ಕಳ್ಸೋದು?"

ಹಡಗಿನ ಮುದುಕರು ನೆನಪಾದರು. ಅಪ್ಪಣೆ ಕೊಟ್ಟ ಆತನೇ ಬಂದು ಹೇಳಲಿ ಎಂದಿದ್ದರಲ್ಲ. ನಾನು ಎದ್ದು ನಂಜುಂಡನ ಎದುರು ನಿಂತೆ. ಮುನಿಸ್ವಾಮಿ ಪಾಳಿ ಮುಗಿದಾಗ ಕೆಮ್ಮುವ ಹಾಗೆ ಕೆಮ್ಮಿದೆ. ಅವನು ಬೆಲ್ಟು ಸಡಿಲಿಸುವ ಹಾಗೆ ಸಡಿಲಿಸಿದೆ. ಹೊಟ್ಟೆಯಿಂದ ದನಿ ತೆಗೆದೆ.

"ಡ್ಯೂಟಿ ಮುಗೀತು ಕಣ್ರೋ. ನಾನ್ ಮನೇಗ್ ಹೋಯ್ತೀನಿ. ಇನ್ಮೇಲೆ ಈ ಮನೇಗ್ ಬರಾಕಿಲ್ಲ."

ಮುನಿಸ್ವಾಮಿಯ ನಡಿಗೆಯಲ್ಲೇ ಕಾಲೆಳೆಯುತ್ತ ಬಾಗಿಲು ದಾಟಿ ಬೀದಿಗಿಳಿದೆ. ಬಣವೆಯನ್ನು ಒಂದು ಸುತ್ತು ಹಾಕಿದೆ. ಎದುರು ಮನೆಯ ಮುದುಕಿ ನೋಡಿ "ಇವ್ರಿಗೂ ಹಿಡೀತಾ?" ಎಂದಳು. ಮತ್ತೆ ನಾನಾಗಿ ಒಳಗೆ ಬಂದೆ.

ತಟ್ಟೆ ಸೊಂಟದವರೆಗೆ ಇಳಿದಿತ್ತು. ನಂಜುಂಡ ಬಾಗಿಲನ್ನೇ ನೋಡುತ್ತಿದ್ದ. ಗಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ಈ ಸಲ ನಗುವಿಗಲ್ಲ. ಮಣೆ ಎಳೆದು ತಮ್ಮನ ಪಕ್ಕ ಇಟ್ಟಳು. ತನ್ನ ಸ್ವಂತ ದನಿಯಲ್ಲಿ, ಕೋಳಿ ಕರೆಯುವಂಥ ಆ ಸಣ್ಣ ದನಿಯಲ್ಲಿ, "ಕೂತ್ಕಳಪ್ಪ" ಎಂದಳು.

ಅವನು ಕೂರಲಿಲ್ಲ. ಅವಳನ್ನು ನೋಡಿದ, ನನ್ನನ್ನು ನೋಡಿದ. ಆಸ್ಪತ್ರೆಯಲ್ಲಿ ಅಷ್ಟು ವರ್ಷ ನನ್ನೊಡನೆ ಒಂದು ಮಾತೂ ಆಡದವನು ಬಾಯಿ ತೆರೆದ.

"ಸಾರ್, ಈಗ್ ಯಾರ್ ಡ್ಯೂಟಿ?"

ಗಂಗಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ತಟ್ಟೆ ಮತ್ತೆ ಮೆಲ್ಲಗೆ ಮೇಲೇರುತ್ತಿತ್ತು.